ಹಾಳೆಯ ಹಿಂಬದಿ

“ಮುಟ್ಬೇಡಿ,” ಅಂದೆ.

ಮೇಜಿನ ಮೇಲಿದ್ದ ನೋಟ್‌ಬುಕ್ಕಿನತ್ತ ಚಾಚಿದ್ದ ಪ್ರೊಫೆಸರರ ಕೈ ಅರ್ಧದಲ್ಲೇ ನಿಂತಿತು.

“ಕಳೆದದ್ದು ಸಿಕ್ತಲ್ಲ ಮೇಡಂ. ಇನ್ನೇನು ತನಿಖೆ?”

“ಕಳೆದದ್ದು ಸಿಗೋದು ಬೇರೆ, ತಾನಾಗೇ ನಡ್ಕೊಂಡು ಬಂದು ಕೂತ್ಕೊಳ್ಳೋದು ಬೇರೆ. ಎರಡನೇದು ಕಂಡ್ರೆ ನನಗೆ ಅನುಮಾನ ಜಾಸ್ತಿ.”

ಸೋಮವಾರ ಬೀಗ ಹಾಕಿದ್ದ ಕೋಣೆಯಿಂದ ಮಾಯವಾಗಿದ್ದ ಮೂವತ್ತೇಳನೆಯ ನೋಟ್‌ಬುಕ್ಕು ಗುರುವಾರ ಬೆಳಿಗ್ಗೆ ಮೂವತ್ತಾರು, ಮೂವತ್ತೆಂಟರ ನಡುವೆ, ಎಲ್ಲಿಗೂ ಹೋಗಿಯೇ ಇಲ್ಲವೆಂಬಂತೆ ಕೂತಿತ್ತು. ಕೋಣೆಗೆ ಇರುವುದು ಮೂರೇ ಬೀಗದ ಕೈ. ಒಂದು ಮನೆಯ ಮಗಳ ಹತ್ತಿರ, ಒಂದು ಪ್ರೊಫೆಸರರ ಹತ್ತಿರ, ಇನ್ನೊಂದು ಸ್ಕ್ಯಾನಿಂಗ್ ಮಾಡುವ ಗಿಡ್ಡಣ್ಣನ ಹತ್ತಿರ. ಮೂವರೂ ಈಗ ನನ್ನೆದುರಿಗಿದ್ದರು. ಅವರಲ್ಲಿ ಒಬ್ಬರಾದರೂ ಸುಳ್ಳು ಹೇಳುತ್ತಿದ್ದರು.

ಗಿಡ್ಡಣ್ಣ ಆರಡಿ ಎತ್ತರದ ಮನುಷ್ಯ. ಆ ಹೆಸರು ಇಟ್ಟವರಿಗೆ ಕಣ್ಣಿರಲಿಲ್ಲವೋ, ನಾಲಿಗೆ ಉದ್ದವಿತ್ತೋ ತಿಳಿಯದು. ಗ್ರಂಥಾಲಯದವರು ಕಳಿಸಿದ ಅವನು ಎರಡು ತಿಂಗಳಿಂದ ಈ ಓದುವ ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಎರಡು ದೀಪಗಳ ನಡುವೆ ಕ್ಯಾಮೆರಾ ನಿಲ್ಲಿಸಿ, ತೀರಿಹೋದ ಮೇಷ್ಟ್ರ ಅರವತ್ತೊಂದು ನೋಟ್‌ಬುಕ್ಕುಗಳನ್ನು ಹಾಳೆ ಹಾಳೆಯಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದ. ನಾಳೆ ಬೆಳಿಗ್ಗೆ ಹತ್ತಕ್ಕೆ ಆ ಸಂಗ್ರಹ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದುಕೊಳ್ಳಬೇಕಿತ್ತು. ಕದ್ದವರು ಮೂವತ್ತೇಳನ್ನು ಎತ್ತಿದ್ದು, ಕೊನೆಯ ಕಂತಿನಲ್ಲಿ ಅದರ ಸರದಿ ಬಂದ ದಿನವೇ.

ನಾನು ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಮೂವತ್ತೆರಡು ವರ್ಷ ಸುಳ್ಳು ಪತ್ರ, ನಿಜ ಪತ್ರ ಬೇರೆ ಮಾಡಿ ಕಣ್ಣು ಸವೆಸಿಕೊಂಡವಳು. ಎದುರಿಗೆ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಭೂತಗನ್ನಡಿ ಅನ್ನುತ್ತಾರೆ. ಎರಡನೆಯದೇ ನನಗಿಷ್ಟ.

“ಅಕ್ಕ, ಆ ಪುಟ ತೆಗೀರಿ,” ಎಂದಳು ಮೇಷ್ಟ್ರ ಮಗಳು. ನಲವತ್ತಾರು ದಾಟಿದವಳು, ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರು. ಮನೆಯಲ್ಲಿ ಇನ್ನೂ ಪುಟ್ಟಿಯೇ. ನನ್ನನ್ನು ಕರೆಸಿದವಳೂ ಅವಳೇ. “ಅದನ್ನ ನೋಡೋ ತನಕ ನನ್ನ ಜೀವಕ್ಕೆ ನೆಮ್ಮದಿ ಇಲ್ಲ.”

ತೆಗೆದೆ. ಮೂವತ್ತೊಂದು ವರ್ಷದ ಹಿಂದಿನ ತಾರೀಖು. ಅದರ ಕೆಳಗೆ ಐದೇ ಸಾಲು.

‘ಈ ನಕ್ಷೆ ನಾನು ನಡೆದು ಮಾಡಿದ್ದಲ್ಲ. ಇನ್ನೂರ ಹನ್ನೆರಡು ತಂಗುದಾಣಗಳನ್ನೂ ಕಾಲಲ್ಲಿ ಅಳೆದವನು ಅವನು. ಅಚ್ಚಾದದ್ದು ನನ್ನ ಹೆಸರಿನಲ್ಲಿ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಬದುಕಿರುವಾಗಲೇ ಹೇಳಿಬಿಡಬೇಕು.’

ಮೇಷ್ಟ್ರು ಬೆಟ್ಟದ ಹಳೆಯ ಕಾಲುದಾರಿಗಳ ಬಗ್ಗೆ ಬರೆದು ಹೆಸರಾದವರು. ಅವರ ಪುಸ್ತಕದ ಕೊನೆಯಲ್ಲಿ ಮಡಿಸಿಟ್ಟ ಒಂದು ದೊಡ್ಡ ನಕ್ಷೆಯಿದೆ. ಕುರಿ ಕಾಯುವವರು, ಹೊರೆ ಹೊರುವವರು ಇನ್ನೂರು ವರ್ಷದ ಹಿಂದೆ ಯಾವ ದಾರಿ ಹಿಡಿದು ಎಲ್ಲಿ ತಂಗುತ್ತಿದ್ದರು ಎಂಬುದೆಲ್ಲ ಅದರಲ್ಲಿದೆ. ಆ ನಕ್ಷೆ ತೆಗೆದರೆ ಪುಸ್ತಕವಿಲ್ಲ, ಪುಸ್ತಕ ತೆಗೆದರೆ ಮೇಷ್ಟ್ರಿಲ್ಲ. ‘ಅವನು’ ಅಂದರೆ ಯಾರೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಗ ಮೇಷ್ಟ್ರಿಗಿದ್ದ ಶಿಷ್ಯ ಒಬ್ಬನೇ, ಅವನೇ ಈಗಿನ ಪ್ರೊಫೆಸರು.

ಇಂಥದ್ದೊಂದು ಹಾಳೆ ಮೂವತ್ತೇಳರಲ್ಲಿದೆ, ಅದನ್ನು ಮುಚ್ಚಿಡಬೇಡಿ ಎಂದು ಗ್ರಂಥಾಲಯದ ಮುಖ್ಯಸ್ಥೆಗೆ ಎರಡು ತಿಂಗಳ ಹಿಂದೆಯೇ ಹೇಳಿದ್ದವರೂ ಅವರೇ.

“ನಾಳೆ ಇದು ಹೊರಗೆ ಬಂದ್ರೆ ಅಪ್ಪನ ಹೆಸರು ಮಣ್ಣುಪಾಲು,” ಎಂದಳು ಪುಟ್ಟಿ. “ಸತ್ತೋರು ಎದ್ದು ಬಂದು ಜವಾಬು ಕೊಡೋಕ್ಕಾಗತ್ತಾ? ನಿಜವೋ ಸುಳ್ಳೋ ನೀವೇ ಹೇಳಿ ಅಕ್ಕ. ನೀವು ಬರೆದು ಕೊಟ್ಟಿದ್ದನ್ನ ಈ ಪುಟದ ಜೊತೆಗೇ ಹಾಕ್ತೀವಿ ಅಂತ ಗ್ರಂಥಾಲಯದೋರು ಒಪ್ಪಿದಾರೆ.”

ಮೊದಲು ಅಕ್ಷರ ನೋಡಿದೆ. ಮೇಷ್ಟ್ರ ಹಳೆಯ ಪುಟಗಳು, ಕೊನೆಯ ವರ್ಷದ ಪತ್ರಗಳು ಎಲ್ಲವನ್ನೂ ಪಕ್ಕದಲ್ಲಿ ಹರಡಿಕೊಂಡು, ಕನ್ನಡಿ ಹಿಡಿದು, ಮುಕ್ಕಾಲು ಗಂಟೆ. ಗಿಡ್ಡಣ್ಣ ಒಮ್ಮೆ ಸೀನಿ, ಸೀನಿದ್ದಕ್ಕೆ ಕ್ಷಮೆ ಕೇಳಿದ.

“ಅಕ್ಷರ ಮೇಷ್ಟ್ರದೇ,” ಎಂದೆ.

ಪ್ರೊಫೆಸರರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಪುಟ್ಟಿ ಮೇಜಿನ ಅಂಚು ಹಿಡಿದುಕೊಂಡಳು.

“ಅವಸರ ಬೇಡ, ನಾನಿನ್ನೂ ಮುಗಿಸಿಲ್ಲ.”

ಮೇಷ್ಟ್ರು ಜನ್ಮದಲ್ಲಿ ಹೊಸ ಕಾಗದ ಕೊಂಡವರಲ್ಲ. ಒಂದು ಬದಿ ಖರ್ಚಾದ ಸುತ್ತೋಲೆ, ಆಮಂತ್ರಣ, ಪರೀಕ್ಷೆಯ ಹಾಳೆ, ಏನು ಸಿಕ್ಕರೂ ಒಂದೇ ಅಳತೆಗೆ ಕತ್ತರಿಸಿ, ಖಾಲಿ ಬದಿಯಲ್ಲಿ ಬರೆದು, ಆಮೇಲೆ ದಾರದಲ್ಲಿ ಹೊಲಿದು ನೋಟ್‌ಬುಕ್ಕು ಮಾಡುತ್ತಿದ್ದರು. ಹೊಸ ಹಾಳೆ ಕಂಡರೆ ಕೈ ಕಟ್ಟಿಹಾಕಿದ ಹಾಗಾಗುತ್ತದೆ ಅನ್ನುತ್ತಿದ್ದರಂತೆ. ಮೂವತ್ತೇಳರ ದಾರ ಹಳೆಯದಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು. ಈ ಹಾಳೆಯ ಬುಡದಲ್ಲಿ ಮಾತ್ರ ಎರಡು ಹೊಲಿಗೆ ಬೆಳ್ಳಗಿದ್ದವು.

ಹಾಳೆ ತಿರುವಿದೆ.

ಹಿಂಬದಿಯಲ್ಲಿ ಅಚ್ಚಾದ ಒಂದು ನೋಟಿಸು. ಈ ಮನೆ ಇರುವ ಕಟ್ಟಡದ್ದೇ. ನೀರಿನ ಟ್ಯಾಂಕ್ ತೊಳೆಯುವುದರಿಂದ ಮಂಗಳವಾರ ನೀರು ಬರುವುದಿಲ್ಲ, ನಿವಾಸಿಗಳು ಸಹಕರಿಸಬೇಕು. ತಾರೀಖು ಕಳೆದ ವರ್ಷದ್ದು.

“ಮೂವತ್ತೊಂದು ವರ್ಷದ ಹಿಂದೆ ಬರೆದ ಹಾಳೆಗೆ ಹೋದ ವರ್ಷದ ಬೆನ್ನು,” ಎಂದೆ. “ಗಿಡ್ಡಣ್ಣ, ನೀನು ಹಾಳೆಯ ಎರಡೂ ಬದಿ ಸ್ಕ್ಯಾನ್ ಮಾಡ್ತೀಯಾ?”

“ಇಲ್ಲ ಮೇಡಂ. ಬರೆದಿರೋ ಬದಿ ಮಾತ್ರ. ಹಿಂಬದಿ ಕಸ, ಬೇಡ ಅಂದ್ರು.”

“ಯಾರು ಅಂದ್ರು?”

ಗಿಡ್ಡಣ್ಣ ಪ್ರೊಫೆಸರರತ್ತ ನೋಡಿದ. “ಪ್ರೊಫೆಸರ್ ಸಾರು.”

ನಾನು ಕುರ್ಚಿ ತಿರುಗಿಸಿ ಕೂತೆ.

“ಹದಿನೆಂಟು ಸಾವಿರ ಬದಿ ಆಗ್ತಿತ್ತು ಮೇಡಂ,” ಪ್ರೊಫೆಸರರು ಕೇಳುವ ಮೊದಲೇ ಹೇಳಿದರು. “ಎರಡು ತಿಂಗಳಲ್ಲಿ ಮುಗೀಬೇಕಿತ್ತು.”

“ಹೋದ ವರ್ಷ ಮೇಷ್ಟ್ರಿಗೆ ಮರೆವು ಬಂದಿತ್ತು ಅಂತ ಪುಟ್ಟಿ ಹೇಳಿದ್ಲು, ಹೌದಾ?”

“ಹೌದು.”

“ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ನೆನಪಿರ್ತಿರ್ಲಿಲ್ಲ. ಕೈ ಮಾತ್ರ ಗಟ್ಟಿ. ಎದುರಿಗೆ ಕೂತೋರು ಹೇಳಿದ್ದನ್ನ ಬರ್ಕೊಡೋರು. ನೀವು ಬರ್ತಿದ್ರಾ?”

“ಪ್ರತಿ ಭಾನುವಾರ.”

“ಒಬ್ಬರೇ ಕೂರ್ತಿದ್ರಾ ಅವರ ಜೊತೆ?”

“ಪುಟ್ಟಿ ಅಡಿಗೆಮನೇಲಿರ್ತಿದ್ಲು. ಕೂರ್ತಿದ್ದೆ.” ಅವರ ಮುಖಕ್ಕೆ ರಕ್ತ ಏರಿತು. “ನೀವು ಏನು ಹೇಳ್ತಿದೀರಿ ಅಂತ ಗೊತ್ತಾಗ್ತಿದೆ. ಮೇಡಂ, ಈ ಹಾಳೆ ನಾನು ನೋಡಿದ್ದು ಇಪ್ಪತ್ತನಾಲ್ಕು ವರ್ಷದ ಹಿಂದೆ. ಮೇಷ್ಟ್ರು ಯಾವುದೋ ನೋಟ್‌ಬುಕ್ ತಗೊಂಡು ಬಾ ಅಂದ್ರು, ನಾನು ತಪ್ಪಿ ಮೂವತ್ತೇಳು ತೆಗೆದೆ. ಹಿಂಬದಿ ಯಾರದೋ ಉತ್ತರಪತ್ರಿಕೆ ಇತ್ತು, ಕೆಂಪು ಪೆನ್ಸಿಲಲ್ಲಿ ನಾಲ್ಕು ಅಂಕ. ಇದು ಆ ಹಾಳೆ ಅಲ್ಲ. ಮಾತು ಮಾತ್ರ ಅದೇ. ಒಂದಕ್ಷರ ಆಚೆ ಈಚೆ ಇಲ್ಲ.”

“ಇಪ್ಪತ್ತನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ರಾ?”

“ಈ ಮನೇಲಿ ಊಟ ಮಾಡಿ ಓದಿದೋನು ನಾನು. ಮೇಷ್ಟ್ರೇ ಹೇಳ್ತಾರೆ ಅಂತ ಕಾದೆ.”

“ಕತೆ ಚೆನ್ನಾಗಿದೆ,” ಎಂದೆ.

ಅಷ್ಟು ಒರಟಾಗಿ ಅನ್ನಬಾರದಿತ್ತು. ಆದರೆ ಕೈಗೆ ಸಿಕ್ಕ ಕಳ್ಳ ಸಾಧುವಿನ ಹಾಗೆ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂವತ್ತೆರಡು ವರ್ಷ ಅಂಥ ಮಾತು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ.

ಪ್ರೊಫೆಸರರು ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. “ಪುಟ್ಟಿ, ನೀನಾದ್ರೂ ನಂಬ್ತೀಯಾ?”

ಅವಳು ತಲೆ ಎತ್ತಲಿಲ್ಲ. “ಹಾಳೆಯೇ ಹೇಳ್ತಿದೆಯಲ್ಲ ಅಣ್ಣ. ನಾನೇನು ಹೇಳ್ಲಿ?”

ಅವರು ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೊರಟರು. ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ, ಕಂಬಿ ಹಿಡಿದು ಇಳಿಯುತ್ತಿದ್ದುದು ಕೇಳಿಸುತ್ತಿತ್ತು. ಐವತ್ತೈದಕ್ಕೇ ಮೊಣಕಾಲು ಹೋದ ಮನುಷ್ಯ. ಆಗ ಅದರ ಬಗ್ಗೆ ನಾನು ಯೋಚಿಸಲಿಲ್ಲ.

ಮೂರು ಸಾಲು ಬರೆದೆ. ಅಕ್ಷರ ವಿದ್ವಾಂಸರದೇ ಆದರೂ ಈ ಹಾಳೆ ಬರೆದದ್ದು ಕಳೆದ ವರ್ಷ, ಅವರಿಗೆ ಮರೆವು ಬಂದ ಮೇಲೆ, ತಾರೀಖು ಸುಳ್ಳು, ನೋಟ್‌ಬುಕ್ಕಿಗೆ ಆಮೇಲೆ ಹೊಲಿದದ್ದು. ಕೆಳಗೆ ಸಹಿ. ಪುಟ್ಟಿ ಅದರ ಫೋಟೋ ತೆಗೆದು ಅಲ್ಲೇ ನಿಂತು ಗ್ರಂಥಾಲಯದ ಮುಖ್ಯಸ್ಥೆಗೆ ಕಳಿಸಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದು ಅತ್ತಳು.

“ಅಪ್ಪನ್ನ ಉಳಿಸಿದ್ರಿ ಅಕ್ಕ.”

ಅವಳು ಚಹಾ ಮಾಡಲು ಒಳಗೆ ಹೋದಳು. ಕೆಲಸ ಮುಗಿದಿತ್ತು, ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ.

ಮುದುಕರನ್ನು ಕೂರಿಸಿಕೊಂಡು ಅವರ ಕೈಯಿಂದಲೇ ಬರೆಸುವಷ್ಟು ಜಾಣ, ಬರೆಸಿದ ಹಾಳೆಯನ್ನು ಒಮ್ಮೆ ತಿರುವಿ ನೋಡಲಿಲ್ಲವೇ? ಹಳೆಯ ದಾರದ ನಡುವೆ ಬೆಳ್ಳನೆಯ ದಾರ ಹಾಕಿದನೇ? ಹೋಗಲಿ, ಅಂಥ ಹಾಳೆಯನ್ನು ಸೇರಿಸಬೇಕೆಂದಿದ್ದವನು ಸದ್ದಿಲ್ಲದೆ ಸೇರಿಸುವುದು ಬಿಟ್ಟು, ಮೂರು ದಿನ ನೋಟ್‌ಬುಕ್ಕು ಮಾಯ ಮಾಡಿ ಊರಿಗೆಲ್ಲ ಡಂಗುರ ಹೊಡೆದದ್ದೇಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಇಲ್ಲಿ ಯಾರೋ ಅಂಗೈಯನ್ನೇ ತಂದು ನನ್ನ ಕನ್ನಡಿಯ ಕೆಳಗೆ ಚಾಚಿದ್ದರು.

“ಮೇಡಂ, ಇದಕ್ಕೊಂದು ದಾರಿ ಹೇಳಿ,” ಗಿಡ್ಡಣ್ಣ ಒಂದು ಕಟ್ಟು ಹಾಳೆ ತಂದಿಟ್ಟ. “ಹಳೇ ಪೇಪರಿನ ಕೆಳಗೆ ಸಿಕ್ತು. ಎಲ್ಲ ಬಿಡಿ ಹಾಳೆ. ಅಕ್ಷರ ಮೇಷ್ಟ್ರದು, ನಂಬರ್ ಇಲ್ಲ. ನಾನಂತೂ ಏನೂ ಬಿಸಾಕಲ್ಲ. ಎಲ್ಲಿಗೆ ಸೇರಿಸ್ಲಿ?”

ಮೇಲಿನ ಹಾಳೆ ಓದಿದೆ.

‘ದಿಬ್ಬದ ಬಲಕ್ಕೆ ಕಲ್ಲು ಚಪ್ಪಡಿ ಇದೆ ಅಲ್ಲಿಂದ ದಾರಿ ಎರಡಾಗುತ್ತದೆ ಆಯ್ತಾ ಅಪ್ಪ ಮುಂದೆ ಹೇಳ್ತೀನಿ ಎಡದ ದಾರಿ ಕುರಿಯವರದು.’

ನಗು ಬಂತು. ಇನ್ನೊಂದು ಹಾಳೆ ತೆಗೆದೆ. ‘ಮೂರನೆಯ ತಂಗುದಾಣದಲ್ಲಿ ನೀರಿಲ್ಲ ನಿಧಾನ ಬರಿ ಅಪ್ಪ ಯಾರೂ ಓಡಿಸ್ತಿಲ್ಲ ಚಳಿಗಾಲದಲ್ಲಿ ಮಾತ್ರ.’ ಗಿಡ್ಡಣ್ಣನೂ ಬಗ್ಗಿ ಓದಿ ನಕ್ಕ. ಕಿವಿಗೆ ಬಿದ್ದದ್ದನ್ನೆಲ್ಲ ಮೇಷ್ಟ್ರು ಕಾಗದಕ್ಕೆ ಇಳಿಸಿಬಿಟ್ಟಿದ್ದರು.

ಮೂರನೆಯ ಹಾಳೆಗೆ ನನ್ನ ನಗು ನಿಂತಿತು.

ಆ ಮನುಷ್ಯನನ್ನು ಅಪ್ಪ ಎಂದು ಕರೆಯುವವಳು ಈ ಜಗತ್ತಿನಲ್ಲಿ ಒಬ್ಬಳೇ ಇದ್ದಳು.

ಹಾಳೆಗಳನ್ನು ಕಂಪ್ಯೂಟರಿನಲ್ಲಿದ್ದ ನೋಟ್‌ಬುಕ್ಕುಗಳ ಚಿತ್ರಗಳ ಪಕ್ಕ ಹಿಡಿದು ನೋಡುತ್ತಾ ಹೋದೆ. ಒಂದನೆಯ ನೋಟ್‌ಬುಕ್ಕಿನಿಂದ ಆರಿಸಿದ ಪುಟಗಳು, ಆಮೇಲೆ ಎರಡು, ಆಮೇಲೆ ಮೂರು, ಹೀಗೆ ಸಾಲಾಗಿ. ಹಳೆಯ ತಾರೀಖು ಕೂಡ ಹಾಗೆಯೇ ಇಳಿದಿತ್ತು. ಹಿಂಬದಿಯಲ್ಲಿ ಇದೇ ಕಟ್ಟಡದ ನೋಟಿಸುಗಳು, ಶಾಲೆಯ ಹಾಳೆಗಳು, ಎಲ್ಲವೂ ಕಳೆದ ವರ್ಷದವು. ಮೂವತ್ತಾರರ ಕೊನೆಯ ಪುಟ ಸಿಕ್ಕಿತು. ಅದರ ಮುಂದಿನ ಹಾಳೆ ಮೂವತ್ತೆಂಟರದು.

ನಡುವೆ ಇರಬೇಕಾದದ್ದು ಮೇಜಿನ ಮೇಲೆ, ಬೆಳ್ಳನೆಯ ದಾರದಲ್ಲಿ ಹೊಲಿಸಿಕೊಂಡು ಮಲಗಿತ್ತು.

“ಗಿಡ್ಡಣ್ಣ, ಸ್ವಲ್ಪ ಹೊರಗೆ ಹೋಗಿ ಗಾಳಿ ಕುಡ್ಕೊಂಡು ಬಾ.”

ಅವನು ನನ್ನ ಮುಖ ನೋಡಿ, ಯಾಕೆ ಎಂದು ಕೇಳದೆ ಹೋದ.

ಪುಟ್ಟಿ ಎರಡು ಲೋಟ ಹಿಡಿದು ಬಂದಳು. ಹಾಳೆಗಳ ಕಟ್ಟು ನೋಡಿ ಬಾಗಿಲಲ್ಲೇ ನಿಂತಳು.

“ಉಕ್ತಲೇಖನ ಚೆನ್ನಾಗಿ ಕೊಡ್ತೀಯ ತಾಯಿ,” ಎಂದೆ.

ಅವಳು ಲೋಟಗಳನ್ನು ಮೇಜಿಗಿಟ್ಟಳು. ಒಂದಿಷ್ಟು ಚಹಾ ತಟ್ಟೆಗೆ ಚೆಲ್ಲಿತು.

“ಡಾಕ್ಟರು ಹೇಳಿದ್ರು,” ಎಂದಳು. “ದಿನಾ ಏನಾದ್ರೂ ಬರೆಸಿ, ತಲೆ ಚುರುಕಾಗಿರತ್ತೆ ಅಂತ. ಅವರದೇ ನೋಟ್‌ಬುಕ್ ಓದಿ ಹೇಳಿದ್ರೆ ಹಳೇದೆಲ್ಲ ನೆನಪಾಗಬಹುದು ಅಂತ ಆಸೆ. ಶಾಲೆಯಿಂದ ಬಂದ ಮೇಲೆ ದಿನಾ ಅರ್ಧ ಗಂಟೆ. ಮೂವತ್ತೇಳರಲ್ಲಿ ಏನಿದೆ ಅಂತ ನನಗೂ ಗೊತ್ತಿರ್ಲಿಲ್ಲ ಅಕ್ಕ. ಓದ್ತಾ ಹೋದೆ. ಎರಡನೇ ಸಾಲಿಗೆ ಬಂದು ನಿಲ್ಲಿಸಿದೆ. ಅಪ್ಪ ಪೆನ್ ಹಿಡ್ಕೊಂಡು, ಮುಂದೆ ಹೇಳು ಅಂತ ನನ್ನನ್ನೇ ನೋಡ್ತಿದ್ರು. ಹೇಳ್ದೆ.”

“ಬರೆದು ಮುಗಿಸಿ ಏನಂದ್ರು?”

“ಕನ್ನಡಕ ಸರಿ ಮಾಡ್ಕೊಂಡು ಒಂದ್ಸಲ ಓದಿದ್ರು. ‘ಯಾರಮ್ಮ ಈ ಮನುಷ್ಯ? ಆ ಹುಡುಗನ ಹೆಸರು ಆಮೇಲಾದ್ರೂ ಹಾಕಿದ್ನಾ?’ ಅಂತ ಕೇಳಿದ್ರು.”

“ನೀನೇನಂದೆ?”

“ಹಾಕಿದ್ರು ಅಪ್ಪ ಅಂದೆ. ‘ಸದ್ಯ’ ಅಂದ್ರು.”

ನನಗೆ ಅವಳ ಮೇಲೆ ಮರುಕವೂ ಇತ್ತು, ಮರುಕಕ್ಕಿಂತ ಒಂದು ಹಿಡಿ ಹೆಚ್ಚಾಗಿ ಸಿಟ್ಟೂ ಇತ್ತು.

“ಅಸಲಿ ಹಾಳೆ ಹರಿದು ಬಿಸಾಕಿದ್ರೆ, ಮಗಳೇ ಹರಿದ್ಲು ಅಂತಿದ್ರು,” ಎಂದೆ. “ಅದಕ್ಕೆ ಅಸಲಿ ತೆಗೆದು ನಕಲಿ ಹೊಲಿದೆ. ಅದೇ ಅಕ್ಷರ, ಅದೇ ಮಾತು, ಆದ್ರೆ ಯಾರು ತಿರುವಿದ್ರೂ ಸುಳ್ಳು ಅಂತ ಗೊತ್ತಾಗೋ ಹಾಳೆ. ಕಳುವಿನ ಗಲಾಟೆ ಎಬ್ಬಿಸಿದ್ದು, ತಿರುವಿ ನೋಡೋಕ್ಕೆ ಯಾರನ್ನಾದ್ರೂ ಕರೀಬೇಕಲ್ಲ ಅಂತ. ಬೇರೆಯವರ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯೋದು ಅಂತಾರಲ್ಲ, ಆ ಹೆಗಲು ನಂದು. ಗುಂಡು ಬಿದ್ದಿದ್ದು ನೀನು ಅಣ್ಣ ಅಂತ ಕರೆಯೋ ಮನುಷ್ಯನಿಗೆ.”

“ಅಣ್ಣ ಬದುಕಿದಾರೆ ಅಕ್ಕ. ಬದುಕಿರೋರು ನಾಲ್ಕು ಕಡೆ ಹೋಗಿ ನಾಲ್ಕು ಮಾತು ಹೇಳ್ಕೋಬಹುದು. ಅಪ್ಪ ಏನು ಹೇಳ್ಕೋತಾರೆ?”

“ಹೇಳಿದಾರಲ್ಲ. ಒಂದ್ಸಲ ಅಲ್ಲ, ಎರಡು ಸಲ, ಅವರ ಕೈಯಲ್ಲೇ.”

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಬಿಡಲಿಲ್ಲ.

“ಅಸಲಿ ಎಲ್ಲಿ? ಸುಟ್ಟೆಯಾ?”

“ಅಪ್ಪನ ಅಕ್ಷರ ಹೇಗೆ ಸುಡ್ಲಿ?”

“ಹಾಗಾದ್ರೆ ಕೊಡು. ಹತ್ತು ಗಂಟೆಗೆ ಇನ್ನೂ ಒಂದು ರಾತ್ರಿ ಇದೆ. ನನ್ನ ಹೇಳಿಕೆ ನಾನೇ ವಾಪಸ್ ತಗೋತೀನಿ. ನಿನ್ನ ಹೆಸರು ಎಷ್ಟು ಹೊರಗಿಡಬಹುದೋ ಅಷ್ಟು ಇಡ್ತೀನಿ.”

ಅವಳು ಸೆರಗು ಕೆಳಗಿಳಿಸಿ ಮೂಲೆಗೆ ಹೋದಳು. ಸ್ಕ್ಯಾನಿಂಗ್ ಮುಗಿದ ನೋಟ್‌ಬುಕ್ಕುಗಳನ್ನು ಗಿಡ್ಡಣ್ಣ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಟೇಪು ಅಂಟಿಸಿ, ಮೇಲೆ ಸಹಿ ಹಾಕಿ ಅಲ್ಲಿ ಪೇರಿಸಿದ್ದ. ಮುಗಿದ ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ. ಬಚ್ಚಿಡಲು ಇಡೀ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ ಎಂದು ನಾನೂ ಒಪ್ಪಬೇಕು.

“ಕೆಳಗಿನ ಪೆಟ್ಟಿಗೆ. ಪಕ್ಕದ ಸೀಳಲ್ಲಿ ತೂರಿಸಿದ್ದೆ, ನಾಲ್ಕನೇ ನೋಟ್‌ಬುಕ್ಕಿನ ಒಳಗೆ,” ಎಂದಳು.

ಇಬ್ಬರೂ ಸೇರಿ ಮೇಲಿನವನ್ನು ಇಳಿಸಿದೆವು. ಪೆಟ್ಟಿಗೆಯ ಟೇಪಿನ ಮೇಲೆ ಕನ್ನಡಿ ಹಿಡಿದೆ. ಗಿಡ್ಡಣ್ಣನ ಸಹಿಯ ನಡುವೆ ಕೂದಲೆಳೆಯಷ್ಟು ಸಂದು. ಯಾರೋ ಬ್ಲೇಡಿನಲ್ಲಿ ಕೊಯ್ದು, ಅಚ್ಚುಕಟ್ಟಾಗಿ ಮತ್ತೆ ಒತ್ತಿ ಅಂಟಿಸಿದ್ದರು.

“ಇದು ನೀನು ಕೊಯ್ದದ್ದಾ?”

“ಇಲ್ಲ! ನಾನು ಟೇಪು ಮುಟ್ಟಿಲ್ಲ.”

ನಾಲ್ಕನೆಯ ನೋಟ್‌ಬುಕ್ಕು ಅಲ್ಲೇ ಇತ್ತು. ಪುಟ್ಟಿ ಅದನ್ನು ಹಾಳೆ ಹಾಳೆಯಾಗಿ ತಿರುವಿದಳು, ತಲೆಕೆಳಗು ಮಾಡಿ ಕೊಡವಿದಳು, ಮತ್ತೆ ಮೊದಲಿನಿಂದ ತಿರುವಿದಳು. ಏನೂ ಬೀಳಲಿಲ್ಲ. ಅವಳ ಮುಖದಲ್ಲಿ ಇದ್ದಬದ್ದ ರಕ್ತವೂ ಇಳಿಯಿತು. ಅದು ನಟನೆಯಲ್ಲ, ಅಷ್ಟು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ.

ಆಗಲೇ ನನ್ನ ಫೋನು ಬಡಿದುಕೊಂಡಿತು. ಗ್ರಂಥಾಲಯದ ಮುಖ್ಯಸ್ಥೆ.

“ಮೇಡಂ, ನಿಮ್ಮ ಹೇಳಿಕೆ ತಲುಪಿತು. ಆದ್ರೆ ನನಗೊಂದು ಪೀಕಲಾಟ ಬಂದಿದೆ. ಹತ್ತು ನಿಮಿಷದ ಹಿಂದೆ ಅದೇ ಪುಟದ ಇನ್ನೊಂದು ಚಿತ್ರ ಬಂತು. ಅದೇ ಮಾತು, ಅದೇ ಅಕ್ಷರ, ಆದ್ರೆ ಹಾಳೆ ಹಳೇದು. ಕಳಿಸಿದೋರು ಹೆಸರು ಹಾಕಿಲ್ಲ. ‘ನಿಮ್ಮ ಭೂತಗನ್ನಡಿಯೂ ಇದರಲ್ಲಿ ಪಾಲುದಾರಳು’ ಅಂತ ಒಂದು ಸಾಲು ಬರೆದಿದಾರೆ. ನಾನು ನಂಬೋದು ನಿಮ್ಮ ಸಹೀನ. ಒಂದೇ ಮಾತು ಹೇಳಿ, ನಿಮ್ಮ ಹೇಳಿಕೆ ನಾಳೆ ಹಾಕ್ಲಾ, ಬೇಡ್ವಾ?”

ಪುಟ್ಟಿಗೆ ಎಲ್ಲ ಕೇಳಿಸುತ್ತಿತ್ತು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ಮುಳುಗುವವರು ಹಿಡಿಯುವ ಹಾಗೆ. “ಅಕ್ಕ, ಅಪ್ಪ…” ಎಂದಳು.

ಹೌದು ಎಂದರೆ ಮೊಣಕಾಲು ಸವೆಸಿದ ಒಬ್ಬ ಮನುಷ್ಯ ಜೀವನಪೂರ್ತಿ ಸುಳ್ಳುಗಾರ. ಬೇಡ ಎಂದರೆ, ಅರ್ಧ ಗಂಟೆಯ ಹಿಂದೆ ನಾನು ಹಾಕಿದ ಸಹಿಗೆ ಕಾರಣ ಹೇಳಬೇಕು, ಅಸಲಿ ಹಾಳೆ ನನ್ನ ಕೈಯಲ್ಲಿಲ್ಲ.

“ಮೇಡಂ? ಕೇಳಿಸ್ತಿದೆಯಾ?”

“ಕೇಳಿಸ್ತಿದೆ,” ಎಂದೆ. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ನನ್ನ ಸಹಿ ಸುಳ್ಳಾಗಿರಲಿಲ್ಲ.